ನಗರದ್ವಾರದಲ್ಲಿ ಕೂಗುವ ಜ್ಞಾನಸ್ತ್ರೀ: ಹೀಬ್ರೂ ಪರಂಪರೆ, ಠಾಣೆಯ ಬೆನೆ ಇಸ್ರಾಯೇಲರು ಮತ್ತು ಕನ್ನಡದ ಲಿಂಗವಿವೇಕ

ಹೀಬ್ರೂ ಧರ್ಮಗ್ರಂಥದಲ್ಲಿ ಜ್ಞಾನವು ಸ್ತ್ರೀರೂಪವನ್ನು ತಾಳಿ ಮಾತನಾಡುತ್ತದೆ ಎಂಬ ಸಂಗತಿಯನ್ನು ಕನ್ನಡ ವಿದ್ವಾಂಸರು ಪ್ರಸ್ತಾಪಿಸುವಾಗ ಸಾಮಾನ್ಯವಾಗಿ ಒಂದೇ ವಾಕ್ಯದಲ್ಲಿ ಮುಗಿಸಿಬಿಡುವುದುಂಟು: 'ನಮ್ಮ ಸರಸ್ವತಿಯಂತೆಯೇ ಅವರಲ್ಲಿಯೂ ಒಬ್ಬಳಿದ್ದಾಳೆ'. ಈ ಸಮೀಕರಣವು ಎಷ್ಟರಮಟ್ಟಿಗೆ ಸರಿ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಪರಿಶೀಲನೆಗೆ ನಾವು ಆಯ್ದುಕೊಂಡಿರುವ ನೆಲ ಠಾಣೆ, ಕಲ್ಯಾಣ, ಡೊಂಬಿವಲಿ ಹಾಗೂ ನವಿ ಮುಂಬಯಿ ಪ್ರದೇಶ. ಹೀಬ್ರೂ ಗ್ರಂಥವನ್ನು ತಮ್ಮದೆಂದು ಓದುವ ಬೆನೆ ಇಸ್ರಾಯೇಲ್ ಸಮುದಾಯವೂ, ಶಾರದೆಯ ಮುಂದೆ ಪುಸ್ತಕವಿಟ್ಟು ಪೂಜಿಸುವ ಕನ್ನಡ ಮನೆತನಗಳೂ, ಎರಡಕ್ಕೂ ನಡುವೆ ಮರಾಠಿಯೂ ಒಂದೇ ರೈಲುಮಾರ್ಗದ ಆಚೀಚೆ ನೆಲೆಸಿರುವುದು ಇಲ್ಲಿಯೇ. ಹೊರನಾಡಿನ ಸಂಶೋಧಕರಿಗೆ ಒಂದು ಸೂಚನೆ ಅಗತ್ಯ. ಇಲ್ಲಿ ಹೇಳುವ ಕಲ್ಯಾಣವು ಉಲ್ಲಾಸ ನದಿಯ ದಡದ ಪ್ರಾಚೀನ ವ್ಯಾಪಾರಸ್ಥಳ, ಗ್ರೀಕ್ ನಾವಿಕ ಬರಹದ 'ಕಲ್ಲಿಯೇನ', ಬಸವಾದಿಗಳ ಕಲ್ಯಾಣವಲ್ಲ. ಇವೆರಡನ್ನು ಬೆರೆಸಿದ ಬರಹಗಳನ್ನು ನಾವು ಕಂಡಿರುವುದರಿಂದ ಹೇಳಬೇಕಾಯಿತು.

ಮೊದಲು ಮೂಲವನ್ನು ನೋಡೋಣ. ಹೀಬ್ರೂ ಭಾಷೆಯಲ್ಲಿ ಜ್ಞಾನಕ್ಕೆ 'ಹೊಖ್ಮಾ' ಎಂದು ಹೆಸರು. ಜ್ಞಾನೋಕ್ತಿಗಳ ಗ್ರಂಥದ ಮೊದಲ ಒಂಬತ್ತು ಅಧ್ಯಾಯಗಳಲ್ಲಿ ಈಕೆ ಮೂರು ಬಾರಿ ಸ್ಪಷ್ಟವಾಗಿ ಕಾಣಿಸಿಕೊಳ್ಳುತ್ತಾಳೆ. ಮೊದಲನೆಯ ಅಧ್ಯಾಯದಲ್ಲಿ ಬೀದಿಯಲ್ಲಿಯೂ ಚೌಕದಲ್ಲಿಯೂ ಕೂಗಿ, ತನ್ನ ಮಾತನ್ನು ಕೇಳದವರನ್ನು ಗದರುತ್ತಾಳೆ. ಎಂಟನೆಯ ಅಧ್ಯಾಯದಲ್ಲಿ ದಾರಿಗಳು ಕೂಡುವೆಡೆಯಲ್ಲಿ, ಊರಬಾಗಿಲ ಪಕ್ಕದಲ್ಲಿ ನಿಂತು, ಲೋಕಸೃಷ್ಟಿಗೆ ಮೊದಲೇ ತಾನಿದ್ದೆನೆಂದೂ, ಆಕಾಶವನ್ನು ಸ್ಥಾಪಿಸುವಾಗ ದೇವರ ಪಕ್ಕದಲ್ಲಿ ಆನಂದಿಸುತ್ತಿದ್ದೆನೆಂದೂ ಹೇಳಿಕೊಳ್ಳುತ್ತಾಳೆ. ಒಂಬತ್ತನೆಯ ಅಧ್ಯಾಯದಲ್ಲಿ ಏಳು ಕಂಬಗಳ ಮನೆಯನ್ನು ಕಟ್ಟಿ, ಅಡುಗೆ ಮಾಡಿಸಿ, ದಾಸಿಯರನ್ನು ಕಳುಹಿಸಿ ಅರಿಯದವರನ್ನು ಊಟಕ್ಕೆ ಕರೆಯುತ್ತಾಳೆ. ಅದೇ ಅಧ್ಯಾಯದ ಕೊನೆಯಲ್ಲಿ ಮತ್ತೊಬ್ಬಳಿದ್ದಾಳೆ, ಮೂಢತೆ. ಅವಳೂ ತನ್ನ ಮನೆಬಾಗಿಲಲ್ಲಿ ಕುಳಿತು ದಾರಿಹೋಕರನ್ನು ಕರೆಯುತ್ತಾಳೆ. ಗಮನಿಸಬೇಕಾದ ಅಂಶವೆಂದರೆ, ಇಬ್ಬರ ಕರೆಯ ಮೊದಲ ಮಾತುಗಳು ಒಂದೇ. ಅರಿಯದವನೊಬ್ಬನು ಆ ಬೀದಿಯಲ್ಲಿ ನಡೆದುಹೋದರೆ ಧ್ವನಿಯಿಂದಲೇ ಇವರನ್ನು ಬೇರ್ಪಡಿಸಿ ತಿಳಿಯಲಾರನು.

ಹೊಖ್ಮಾ ಸ್ತ್ರೀಯಾದುದು ವ್ಯಾಕರಣದ ಬಲದಿಂದಲೇ ಎಂಬ ವಾದವೊಂದಿದೆ. ಹೀಬ್ರೂವಿನಲ್ಲಿ ನಪುಂಸಕ ಲಿಂಗವಿಲ್ಲ. ಪ್ರತಿಯೊಂದು ನಾಮಪದವೂ ಪುಲ್ಲಿಂಗವೋ ಸ್ತ್ರೀಲಿಂಗವೋ ಆಗಲೇಬೇಕು. ಹೊಖ್ಮಾ ಸ್ತ್ರೀಲಿಂಗ; ವಿವೇಕವನ್ನು ಸೂಚಿಸುವ 'ಬಿನಾ', ಉಪದೇಶವನ್ನು ಸೂಚಿಸುವ 'ತೋರಾ' ಕೂಡ ಹಾಗೆಯೇ. ಆದರೆ ವ್ಯಾಕರಣವೊಂದೇ ಕಾರಣವಾಗಿದ್ದರೆ ಇವೆಲ್ಲವೂ ಮನೆ ಕಟ್ಟಿ ಅಡುಗೆ ಮಾಡಿಸಬೇಕಾಗಿತ್ತು. ವ್ಯಾಕರಣವು ಬಾಗಿಲನ್ನು ತೆರೆದಿರಿಸಿತು, ಅಷ್ಟೇ. ಒಳಗೆ ಬಂದವಳು ಯಾರು ಎಂಬುದು ಬೇರೆ ಪ್ರಶ್ನೆ. ಕೆಲವು ವಿದ್ವಾಂಸರು ಈಜಿಪ್ಟಿನ ಮಾಅತ್ ದೇವತೆಯ ನೆರಳನ್ನು ಇಲ್ಲಿ ಗುರುತಿಸುತ್ತಾರೆ. ಇದೇ ಗ್ರಂಥದ 22ನೆಯ ಅಧ್ಯಾಯದಿಂದ ಮುಂದಿನ ಒಂದು ಭಾಗಕ್ಕೂ ಈಜಿಪ್ಟಿನ ಅಮೆನೆಮೋಪೆಯ ಉಪದೇಶಕ್ಕೂ ಇರುವ ಸಂಬಂಧವನ್ನು ಜರ್ಮನ್ ವಿದ್ವಾಂಸ ಅಡಾಲ್ಫ್ ಎರ್ಮಾನ್ 1924ರಲ್ಲಿ ತೋರಿಸಿದ ಮೇಲೆ ಈ ಊಹೆಗೆ ಬಲ ಬಂದಿತು. ನಮಗೆ ಇದು ಅಸಾಧ್ಯವೆನಿಸುವುದಿಲ್ಲವಾದರೂ ಪೂರ್ಣ ಉತ್ತರವೆನಿಸುವುದೂ ಇಲ್ಲ. ಮಾಅತ್ ಊರಬಾಗಿಲಲ್ಲಿ ನಿಂತು ಜನರನ್ನು ಗದರುವವಳಲ್ಲ.

ಯೆಹೂದ್ಯ ಪರಂಪರೆಯು ತಾನೇ ಈಕೆಯನ್ನು ಹೇಗೆ ಅರ್ಥಮಾಡಿಕೊಂಡಿತು ಎಂಬುದು ನಮ್ಮ ಉದ್ದೇಶಕ್ಕೆ ಹೆಚ್ಚು ಮುಖ್ಯ. ಕ್ರಿ.ಪೂ. 2ನೆಯ ಶತಮಾನದ ಆರಂಭದಲ್ಲಿ ಜೆರೂಸಲೇಮಿನ ಬೆನ್ ಸಿರಾ ಎಂಬ ಗುರು, ಜ್ಞಾನಸ್ತ್ರೀ ಲೋಕವನ್ನೆಲ್ಲ ಸುತ್ತಿ ಕೊನೆಗೆ ಇಸ್ರಾಯೇಲರ ನಡುವೆ ನೆಲೆಸಿದಳೆಂದು ಹೇಳಿ, ಆಕೆಯೇ ತೋರಾ ಎಂದು ನಿರ್ಣಯಿಸಿದನು. ಮುಂದೆ 'ಬೆರೆಶೀತ್ ರಬ್ಬಾ' ಎಂಬ ವ್ಯಾಖ್ಯಾನಗ್ರಂಥವು, ಅರಮನೆ ಕಟ್ಟುವ ಶಿಲ್ಪಿ ನಕ್ಷೆಯನ್ನು ನೋಡುವಂತೆ ದೇವರು ತೋರಾವನ್ನು ನೋಡಿ ಲೋಕವನ್ನು ಸೃಷ್ಟಿಸಿದನೆಂದು ವಿವರಿಸಿತು. ಅಂದರೆ ಸ್ತ್ರೀಯನ್ನು ದೇವಿಯಾಗಿಸುವ ದಾರಿ ಎದುರಿಗೇ ಇದ್ದಾಗ ಈ ಪರಂಪರೆಯು ಆಕೆಯನ್ನು ಗ್ರಂಥವಾಗಿಸಿತು. ಗ್ರೀಕ್ ಭಾಷೆಯಲ್ಲಿ ಆಕೆ 'ಸೋಫಿಯಾ' ಆಗಿ, ಅಲೆಕ್ಸಾಂಡ್ರಿಯದಲ್ಲಿ ಬೇರೆಯೇ ದಾರಿ ಹಿಡಿದಳು. ಆ ಕಥೆ ಇಲ್ಲಿ ಬೇಡ.

ಈಗ ಠಾಣೆಗೆ ಬರೋಣ. ಟೆಂಭಿ ನಾಕಾದ ಬಳಿ 1879ರಲ್ಲಿ ಕಟ್ಟಲಾದ ಬೆನೆ ಇಸ್ರಾಯೇಲರ ಪ್ರಾರ್ಥನಾಲಯದ ಹೆಸರು 'ಶಾಅರ್ ಹಶ್ಶಾಮಾಯಿಮ್', ಎಂದರೆ ಸ್ವರ್ಗದ್ವಾರ. ಮುಂಬಯಿಯಲ್ಲಿ ಈ ಸಮುದಾಯದ ಮೊದಲ ಪ್ರಾರ್ಥನಾಲಯ 1796ರ 'ಶಾಅರೆ ರಹಮೀಮ್'. ಅದೂ ದ್ವಾರವೇ, ಕರುಣೆಯ ದ್ವಾರ. ಜ್ಞಾನೋಕ್ತಿಗಳ ಎಂಟನೆಯ ಅಧ್ಯಾಯದಲ್ಲಿ ಹೊಖ್ಮಾ ನಿಲ್ಲುವ ಊರಬಾಗಿಲಿಗೂ ಹೀಬ್ರೂವಿನಲ್ಲಿ ಇದೇ 'ಶಾಅರ್' ಪದವಿದೆ. ಪ್ರಾರ್ಥನಾಲಯಗಳಿಗೆ ಹೆಸರಿಟ್ಟವರ ಮನಸ್ಸಿನಲ್ಲಿ ಜ್ಞಾನಸ್ತ್ರೀ ಇದ್ದಳೆಂದು ನಾವು ಹೇಳುತ್ತಿಲ್ಲ. ಸ್ವರ್ಗದ್ವಾರವೆಂಬ ಹೆಸರು ಆದಿಕಾಂಡದಲ್ಲಿ ಯಾಕೋಬನು ಕಂಡ ಕನಸಿನ ಪ್ರಸಂಗಕ್ಕೆ ಸೇರಿದ್ದು. ಆದರೆ ಪ್ರಾಚೀನ ಪಶ್ಚಿಮ ಏಷ್ಯಾದ ಊರಬಾಗಿಲೆಂದರೆ ಕೇವಲ ಹೋಗಿಬರುವ ಹಾದಿಯಲ್ಲ, ಅದು ನ್ಯಾಯ ನಡೆಯುವ ಹಾಗೂ ವ್ಯಾಪಾರ ಕುದುರುವ ಜಾಗ. ಅದನ್ನು ತಿಳಿಯದೆ ಹೊಖ್ಮಾ ಅಲ್ಲಿಯೇ ನಿಲ್ಲುವುದೇಕೆ ಎಂಬುದು ತಿಳಿಯದು. ಗ್ರಂಥದ ಕೊನೆಯ ಅಧ್ಯಾಯವೂ ಅಲ್ಲಿಗೇ ಮರಳುತ್ತದೆ. ಹೀಬ್ರೂವಿನ 22 ಅಕ್ಷರಗಳ ಕ್ರಮದಲ್ಲಿ ಹೆಣೆದ ಆ ಪದ್ಯದಲ್ಲಿ ಉಣ್ಣೆ ನೂಲುವ, ಹೊಲ ಕೊಳ್ಳುವ, ದ್ರಾಕ್ಷಿತೋಟ ನೆಡುವ ಗೃಹಿಣಿಯೊಬ್ಬಳ ದುಡಿಮೆಯೇ ಊರಬಾಗಿಲಲ್ಲಿ ಅವಳನ್ನು ಹೊಗಳಲೆಂಬ ಹಾರೈಕೆಯಿದೆ.

ಬೆನೆ ಇಸ್ರಾಯೇಲರ ಐತಿಹ್ಯದಂತೆ ಅವರ ಪೂರ್ವಿಕರು ಹಡಗೊಡೆದು ಅಲಿಬಾಗಿನ ಸಮೀಪದ ನವಗಾಂವ್ ತೀರಕ್ಕೆ ಬಂದು ಸೇರಿದ ಏಳು ದಂಪತಿಗಳು. ಕೊಂಕಣದ ಹಳ್ಳಿಗಳಲ್ಲಿ ಗಾಣದಿಂದ ಎಣ್ಣೆ ತೆಗೆಯುತ್ತ, ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಅವರಿಗೆ 'ಶನಿವಾರ ತೇಲಿ' ಎಂಬ ಹೆಸರು ಬಂದಿತು. ಹಳ್ಳಿಯ ಹೆಸರಿಗೆ 'ಕರ್' ಸೇರಿಸಿದ ಅಡ್ಡಹೆಸರುಗಳು ಅವರನ್ನು ಮರಾಠಿ ನೆಲದೊಂದಿಗೆ ಬೆಸೆದವು. ಈ ಸಮುದಾಯದವರೇ ಆದ ಹಾಯಿಮ್ ಸಾಮ್ಯುಯೆಲ್ ಕೇಹಿಮ್‌ಕರ್ 1897ರಲ್ಲಿ ಬರೆದು ಮುಗಿಸಿದ ಇತಿಹಾಸವು 1937ರಲ್ಲಿ ಅಚ್ಚಾಯಿತು. ಈ ವಿಷಯದ ಅಧ್ಯಯನಕ್ಕೆ ಅದು ಇಂದಿಗೂ ಅನಿವಾರ್ಯ.

ಕನ್ನಡನಾಡಿನೊಂದಿಗೆ ಇವರ ಸಂಬಂಧವನ್ನು ತೋರುವ ಪ್ರಸಂಗವೊಂದನ್ನು ಇಲ್ಲಿ ಹೇಳದೆ ಮುಂದುವರಿಯಲಾಗದು. ಶಾಅರೆ ರಹಮೀಮ್ ಪ್ರಾರ್ಥನಾಲಯವನ್ನು ಕಟ್ಟಿಸಿದ ಸಾಮ್ಯುಯೆಲ್ ಎಜಿಕಿಯೆಲ್ ದಿವೇಕರ್, ಮರಾಠಿಯಲ್ಲಿ ಸಾಮಾಜಿ ಹಸಾಜಿ ದಿವೇಕರ್, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದು ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾಳಾದನು. ಸಮುದಾಯದಲ್ಲಿ ಹೇಳಿಕೊಂಡು ಬಂದಿರುವ ಕಥೆಯಂತೆ, ಸೆರೆಯಾಳುಗಳಿಗೆ ಮರಣದಂಡನೆ ಕಾದಿದ್ದಾಗ ದಿವೇಕರನು ತಾನು ಬೆನೆ ಇಸ್ರಾಯೇಲನೆಂದು ತಿಳಿಸಿದನು. ಕುರಾನಿನಲ್ಲಿ ಆ ಹೆಸರು ಬರುವುದೆಂದು ಅರಿತಿದ್ದ ಟಿಪ್ಪುವಿನ ತಾಯಿಯು ಅಡ್ಡಬಂದು ಅವನ ಜೀವವನ್ನು ಉಳಿಸಿದಳು. ಬಿಡುಗಡೆಯ ಹರಕೆಯಾಗಿ ಪ್ರಾರ್ಥನಾಲಯ ಎದ್ದಿತು. ಕಥೆಯ ಪ್ರತಿಯೊಂದು ವಿವರವನ್ನೂ ಚರಿತ್ರೆಯೆಂದು ಒಪ್ಪಬೇಕಾಗಿಲ್ಲ. ಆದರೆ ಸಮುದಾಯವೊಂದು ತನ್ನ ಮೊದಲ ಪ್ರಾರ್ಥನಾಲಯದ ಮೂಲವನ್ನು ನೆನೆಯುವಾಗ, ಗ್ರಂಥವನ್ನು ಬಲ್ಲ ಹೆಂಗಸೊಬ್ಬಳ ಸಮಯೋಚಿತ ಮಾತನ್ನು ಅದರ ಬುಡದಲ್ಲಿರಿಸಿದೆ. ಐತಿಹ್ಯಗಳ ಅಧ್ಯಯನಕಾರರಿಗೆ ಇದು ಸಣ್ಣ ಸಂಗತಿಯಲ್ಲ.

ಬೆನೆ ಇಸ್ರಾಯೇಲರು ಶತಮಾನಗಳ ಕಾಲ ಸಬ್ಬತ್ತು, ಸುನ್ನತಿ, ಆಹಾರನಿಯಮ ಹಾಗೂ ಒಂದು ಮೂಲಪ್ರಾರ್ಥನೆಯನ್ನು ಮಾತ್ರ ಉಳಿಸಿಕೊಂಡಿದ್ದರು. ಲಿಖಿತ ಗ್ರಂಥ ಅವರ ಬಳಿ ಇರಲಿಲ್ಲ. ಪ್ರಾರ್ಥನಾಕ್ರಮ ಕೊಚ್ಚಿಯ ಯೆಹೂದ್ಯ ಗುರುಗಳಿಂದ ಬಂದಿತು. ಹೀಬ್ರೂ ಕಲಿಕೆಗೆ ನೆರವು ಅನಿರೀಕ್ಷಿತ ಕಡೆಯಿಂದ, ಅವರನ್ನು ಮತಾಂತರಿಸಬಯಸಿದ ಮಿಶನರಿಗಳಿಂದ, ಒದಗಿತು. ಸ್ಕಾಟ್ಲೆಂಡಿನ ಜಾನ್ ವಿಲ್ಸನ್ 1832ರಲ್ಲಿ ಮರಾಠಿಯಲ್ಲಿ ಹೀಬ್ರೂ ವ್ಯಾಕರಣವನ್ನು ಪ್ರಕಟಿಸಿದನು. ಬೆನೆ ಇಸ್ರಾಯೇಲರು ವ್ಯಾಕರಣವನ್ನು ಸ್ವೀಕರಿಸಿದರು. ಮತವನ್ನು ಬಹುಮಟ್ಟಿಗೆ ಹಾಗೆಯೇ ಬಿಟ್ಟರು. ಮುಂದೆ ಜೋಸೆಫ್ ಎಜಿಕಿಯೆಲ್ ರಾಜಪುರಕರ್ ಅಂತಹವರು ಪ್ರಾರ್ಥನಾಗ್ರಂಥಗಳನ್ನು ಮರಾಠಿಗೆ ತಂದರು. 1880ರಲ್ಲಿ ಮುಂಬಯಿಯಲ್ಲಿ ಕೀರ್ತನ ಮಂಡಳಿಯೂ ಹುಟ್ಟಿ, ಹೀಬ್ರೂ ಗ್ರಂಥದ ಕಥೆಗಳು ಮರಾಠಿ ಹರಿಕೀರ್ತನೆಯ ಧಾಟಿಯಲ್ಲಿ ಕೇಳಿಬಂದವು. ಆ ಹಾಡುಗಳನ್ನು ಕೈಬರಹದ ಪುಸ್ತಕಗಳಲ್ಲಿ ಬರೆದಿಟ್ಟು ಮುಂದಿನ ತಲೆಮಾರಿಗೆ ಒಪ್ಪಿಸಿದವರಲ್ಲಿ ಹೆಂಗಸರ ಪಾಲು ದೊಡ್ಡದು.

ಹೀಗೆ ಕೊಂಕಣದಲ್ಲಿ ಹೊಖ್ಮಾ ಮರಾಠಿಯ ನಡುಮನೆಗೆ ಬಂದಳು. ಅದೇ ಕಾಲದಲ್ಲಿ ಆಕೆ ಕನ್ನಡಕ್ಕೂ ಬಂದಳೆಂಬುದು ಕುತೂಹಲದ ಸಂಗತಿ. ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ಅವರ ಶ್ರಮದಿಂದ ಸಮಗ್ರ ಕನ್ನಡ ಬೈಬಲ್ ಪೂರ್ಣಗೊಂಡುದು 1831ರಲ್ಲಿ, ವಿಲ್ಸನ್ನನ ಮರಾಠಿ ವ್ಯಾಕರಣಕ್ಕೆ ಒಂದು ವರ್ಷ ಮೊದಲು. ರೀವನು ಕನ್ನಡ ನಿಘಂಟುಕಾರನೂ ಹೌದು. ಎರಡು ಭಾಷೆಗಳಲ್ಲಿಯೂ ಅನುವಾದಕರ ಎದುರಿಗಿದ್ದ ತೊಡಕು ಒಂದೇ ಅಲ್ಲ, ಮತ್ತು ನಮ್ಮ ಲೇಖನದ ತಿರುಳು ಇರುವುದು ಈ ವ್ಯತ್ಯಾಸದಲ್ಲಿ.

ಮರಾಠಿಯಲ್ಲಿ ಮೂರು ಲಿಂಗಗಳಿವೆ. ಅವು ಪದಕ್ಕೆ ಅಂಟಿದವು. 'ಜ್ಞಾನ' ನಪುಂಸಕ, 'ಬುದ್ಧಿ' ಸ್ತ್ರೀಲಿಂಗ. ಡೊಂಬಿವಲಿಯ ಕನ್ನಡ ಮನೆಯ ಮಗುವೊಂದು ಬೀದಿಯಲ್ಲಿ ಮರಾಠಿಯಾಡುವಾಗ 'ಬುದ್ಧಿ ಆಲೀ' ಎಂದು ಸ್ತ್ರೀಲಿಂಗದಲ್ಲಿ ಹೇಳಿ, ಮನೆಗೆ ಬಂದು 'ಬುದ್ಧಿ ಬಂತು' ಎನ್ನುತ್ತದೆ. ಮರಾಠಿಯಲ್ಲಿ ಬುದ್ಧಿ ಸ್ತ್ರೀಲಿಂಗವಾದುದರಿಂದ ಅದು ಹೆಂಗಸೆಂದು ಯಾರೂ ಭಾವಿಸುವುದಿಲ್ಲ. ಕನ್ನಡದಲ್ಲಿ ಸಂಗತಿ ಬೇರೆ. ಇಲ್ಲಿ ಲಿಂಗವು ಅರ್ಥಾನುಸಾರಿ. 13ನೆಯ ಶತಮಾನದ ಕೇಶಿರಾಜನಿಂದ ಮೊದಲ್ಗೊಂಡು ವೈಯಾಕರಣರು ಇದನ್ನು ಚರ್ಚಿಸಿದ್ದಾರೆ. ಸ್ತ್ರೀಯಲ್ಲದುದಕ್ಕೆ ಸ್ತ್ರೀಲಿಂಗವಿಲ್ಲ. 'ವಿದ್ಯೆ ಒಲಿಯಿತು' ಎಂದರೆ ಓದು ಕೈಹತ್ತಿತು. 'ಸರಸ್ವತಿ ಒಲಿದಳು' ಎಂದರೆ ದೇವಿಯೊಬ್ಬಳಿದ್ದಾಳೆ. 'ಕಾವೇರಿ ತುಂಬಿ ಹರಿಯಿತು' ಎಂಬಲ್ಲಿ ನೀರು; 'ಕಾವೇರಿ ಬಂದಳು' ಎಂಬಲ್ಲಿ ತಾಯಿ. ಕನ್ನಡದ ಆಖ್ಯಾತಪ್ರತ್ಯಯವು ಮಾತನಾಡುವವನ ನಂಬಿಕೆಯನ್ನು ಬಯಲಿಗೆಳೆಯುತ್ತದೆ. ಹೀಬ್ರೂ ಕವಿಯು ರೂಪಕಕ್ಕೂ ದೇವತೆಗೂ ನಡುವಣ ಮಬ್ಬಿನಲ್ಲಿ ಹೊಖ್ಮಾಳನ್ನು ನಿಲ್ಲಿಸಬಲ್ಲನು, ವ್ಯಾಕರಣ ಅವನಿಗೆ ಮರೆಯೊದಗಿಸುತ್ತದೆ. ಕನ್ನಡಿಗನಿಗೆ ಆ ಮರೆಯಿಲ್ಲ. 'ಕೂಗುತ್ತದೆ' ಅಥವಾ 'ಕೂಗುತ್ತಾಳೆ', ಎರಡರಲ್ಲೊಂದನ್ನು ಆರಿಸಲೇಬೇಕು.

ಪ್ರಚಲಿತ ಕನ್ನಡ ಬೈಬಲಿನಲ್ಲಿ ಕಾಣುವ ಪರಿಹಾರ 'ಜ್ಞಾನವೆಂಬಾಕೆ' ಎಂಬ ಪ್ರಯೋಗ. ಇದು ಬಹಳ ಜಾಣ್ಮೆಯದೆಂದು ನಮ್ಮ ಅಭಿಪ್ರಾಯ. 'ಜ್ಞಾನ'ವು ನಪುಂಸಕವಾಗಿಯೇ ಉಳಿಯಿತು, 'ಆಕೆ' ಸ್ತ್ರೀಯಾದಳು, ನಡುವೆ 'ಎಂಬ' ನಿಂತು, ಇದು ಹೆಸರಿಸುವಿಕೆಯೇ ಹೊರತು ಸಾಕ್ಷಾತ್ಕಾರವಲ್ಲವೆಂದು ಸೂಚಿಸಿತು. ಸಂಸಾರವೆಂಬ ಸಾಗರ, ಮನವೆಂಬ ಮರ್ಕಟ ಮೊದಲಾದ ನುಡಿಗಟ್ಟುಗಳಲ್ಲಿ ಪಳಗಿದ ಕನ್ನಡ ಕಿವಿಗೆ ಇದು ಪರಕೀಯವೆನಿಸದು. ಹೀಬ್ರೂವಿಗೆ ವ್ಯಾಕರಣ ಕೊಟ್ಟುದನ್ನು ಕನ್ನಡವು ರೂಪಕದ ಮೂಲಕ ದುಡಿದು ಪಡೆಯಿತು.

ಸರಸ್ವತಿಯ ಸಮೀಕರಣವನ್ನು ಈಗ ನೇರವಾಗಿ ಎದುರಿಸಬಹುದು. ಅದಕ್ಕೂ ಠಾಣೆಯ ಪರಿಸರವೇ ಸಾಮಗ್ರಿಯನ್ನು ಒದಗಿಸುತ್ತದೆ. ಠಾಣೆಯಿರುವ ಸಾಷ್ಟಿ ದ್ವೀಪದಲ್ಲಿಯೇ ಕಾನ್ಹೇರಿಯ ಬೌದ್ಧ ಗುಹೆಗಳಿವೆ. ಅಲ್ಲಿನ 9ನೆಯ ಶತಮಾನದ ಶಾಸನಗಳು ಉತ್ತರ ಕೊಂಕಣದ ಶಿಲಾಹಾರ ಸಾಮಂತರಾದ ಪುಲ್ಲಶಕ್ತಿ ಮತ್ತು ಎರಡನೆಯ ಕಪರ್ದಿಯರ ಕಾಲದವು. ಅವರ ಸಾರ್ವಭೌಮನಾಗಿ ಹೆಸರಿಸಲ್ಪಟ್ಟವನು ರಾಷ್ಟ್ರಕೂಟ ಅಮೋಘವರ್ಷ. ಶಿಲಾಹಾರರ ಸ್ಥಾನಕವೇ ಇಂದಿನ ಠಾಣೆ. ಅದೇ ಅಮೋಘವರ್ಷ ನೃಪತುಂಗನ ಆಸ್ಥಾನದ 'ಕವಿರಾಜಮಾರ್ಗ'ವು ಆರಂಭದಲ್ಲಿ ಸರಸ್ವತಿಯನ್ನು ಹಂಸೆಯಾಗಿ ಭಾವಿಸಿ, ಕವಿಯ ಮಾನಸದಲ್ಲಿ ನೆಲೆಗೊಳ್ಳಲೆಂದು ಪ್ರಾರ್ಥಿಸುತ್ತದೆ. ಮಾನಸವೆಂದರೆ ಮನಸ್ಸೂ ಹೌದು, ಸರೋವರವೂ ಹೌದು. ಲಭ್ಯವಿರುವ ಮೊದಲ ಕನ್ನಡ ಗ್ರಂಥದಲ್ಲಿಯೇ ವಾಗ್ದೇವಿಯ ಸ್ಥಾನ ಹೀಗೆ ನಿಶ್ಚಿತವಾಗಿದೆ: ಆಕೆ ಒಳಗೆ, ನಿಶ್ಚಲ ಜಲದಲ್ಲಿ. ಹೊಖ್ಮಾ ಇರುವುದು ಹೊರಗೆ, ಗದ್ದಲದ ಸಂತೆಯಲ್ಲಿ. ಅದಕ್ಕಿಂತ ಮುಖ್ಯವಾದುದು ಕರೆಯ ದಿಕ್ಕು. ಸರಸ್ವತಿಯನ್ನು ಕವಿ ಕರೆಯುತ್ತಾನೆ, ಆಕೆ ಒಲಿಯಬೇಕು. ಹೊಖ್ಮಾ ತಾನೇ ಕರೆಯುತ್ತಾಳೆ, ಓಗೊಡಬೇಕಾದವರು ಜನ. ಓಗೊಡದಿದ್ದರೆ ಅವರ ಆಪತ್ತಿನಲ್ಲಿ ನಗುವುದಾಗಿ ಎಚ್ಚರಿಸುವಷ್ಟು ನಿಷ್ಠುರೆ. ಸರಸ್ವತಿಗೆ ಪೂಜೆಯುಂಟು, ಹೊಖ್ಮಾಗೆ ಹೀಬ್ರೂ ಗ್ರಂಥದಲ್ಲಿ ಎಲ್ಲಿಯೂ ಪೂಜೆಯಿಲ್ಲ, ಆಕೆ ಕೇಳುವುದು ಕಿವಿಯನ್ನು ಮಾತ್ರ.

ಹಾಗಾದರೆ ಕನ್ನಡದಲ್ಲಿ ಆಕೆಗೆ ಬಂಧುಗಳೇ ಇಲ್ಲವೆ? ಇದ್ದಾರೆ, ಆದರೆ ಬೇರೊಂದು ಮನೆಯಲ್ಲಿ. 15ನೆಯ ಶತಮಾನದ ಚಾಮರಸನ 'ಪ್ರಭುಲಿಂಗಲೀಲೆ'ಯನ್ನು ನೆನೆಯಬೇಕು. ಅಲ್ಲಿ ಪಾರ್ವತಿಯ ತಾಮಸಕಳೆಯು ಮಾಯೆಯಾಗಿ ಬನವಸೆಯಲ್ಲಿ ಮಮಕಾರನೆಂಬ ಅರಸನಿಗೆ, ಮೋಹಿನಿ ಎಂಬವಳ ಹೊಟ್ಟೆಯಲ್ಲಿ ಹುಟ್ಟುತ್ತದೆ. ಸಾತ್ವಿಕಕಳೆಯು ಉಡುತಡಿಯ ಮಹಾದೇವಿಯಾಗಿ ಅವತರಿಸುತ್ತದೆ. ಅಲ್ಲಮನ ತಂದೆ ನಿರಹಂಕಾರ, ತಾಯಿ ಸುಜ್ಞಾನಿ. ಜ್ಞಾನವೇ ತಾಯಾಗಿ ಕನ್ನಡ ಕಾವ್ಯದಲ್ಲಿ ನಿಂತಿರುವುದನ್ನು ತೌಲನಿಕ ಅಧ್ಯಯನಗಳು ಏಕೆ ಗಮನಿಸುವುದಿಲ್ಲವೋ ತಿಳಿಯದು. ಇಬ್ಬರು ಸ್ತ್ರೀಯರನ್ನು ಎದುರುಬದುರಾಗಿ ನಿಲ್ಲಿಸುವ ಈ ವಿನ್ಯಾಸವು ಜ್ಞಾನೋಕ್ತಿಗಳ ಒಂಬತ್ತನೆಯ ಅಧ್ಯಾಯಕ್ಕೆ ಸರಸ್ವತೀಸ್ತುತಿಗಳಿಗಿಂತ ಬಹಳ ಹತ್ತಿರ. ಪರಸ್ಪರ ಪ್ರಭಾವದ ಮಾತು ಇಲ್ಲಿಲ್ಲ. ವಿವೇಕ ಅವಿವೇಕಗಳನ್ನು ಬೋಧಿಸಬೇಕಾದ ಎರಡು ಪರಂಪರೆಗಳು ಒಂದೇ ಬಗೆಯ ಉಪಾಯವನ್ನು ಕಂಡುಕೊಂಡಿವೆ. ವ್ಯತ್ಯಾಸವೂ ಉಂಟು. ಹೀಬ್ರೂ ಗ್ರಂಥದ ಯುವಕನು ಎರಡು ಮನೆಗಳಲ್ಲಿ ಒಂದನ್ನು ಹೊಗಬೇಕು. ಚಾಮರಸನ ಅಲ್ಲಮನು ಮದ್ದಳೆ ಬಾರಿಸುತ್ತ ಮಾಯೆಯ ಎದುರಿಗೇ ಇದ್ದು, ಅವಳ ಕೈಗೆ ಸಿಗದೆ ಹೋಗುತ್ತಾನೆ. ಅವನಿಗೆ ಆಯ್ಕೆಯ ಸಂಕಟವಿಲ್ಲ.

ಈ ವಿವೇಚನೆ ಕೇವಲ ಸಾಹಿತ್ಯಕವೆಂದು ಭಾವಿಸಬಾರದು. 1948ರ ನಂತರ ಬೆನೆ ಇಸ್ರಾಯೇಲರಲ್ಲಿ ಬಹುಸಂಖ್ಯಾತರು ಇಸ್ರೇಲಿಗೆ ವಲಸೆಹೋದರು. 1960ರ ದಶಕದ ಆರಂಭದಲ್ಲಿ ಅಲ್ಲಿನ ಧರ್ಮಾಧಿಕಾರಿಗಳು ಇವರ ವಿವಾಹಸಂಬಂಧಗಳಿಗೆ ವಿಶೇಷ ವಿಚಾರಣೆಯನ್ನು ವಿಧಿಸಿ, ಇವರ ಯೆಹೂದ್ಯತ್ವವನ್ನೇ ಪ್ರಶ್ನೆಗೆ ಒಡ್ಡಿದರು. ಪ್ರತಿಭಟನೆಗಳು ನಡೆದು, 1964ರಲ್ಲಿ ಇಸ್ರೇಲಿನ ಸಂಸತ್ತು ಇವರ ಸಮಾನತೆಯನ್ನು ಎತ್ತಿಹಿಡಿಯಿತು. ಮರಾಠಿ ಕೀರ್ತನೆ ಹಾಡಿ, ಹಸಿರು ಬಳೆ ತೊಟ್ಟು, ದೇವಿಯರ ಊರುಗಳ ನಡುವೆ ಬಾಳಿಯೂ ಒಬ್ಬನೇ ದೇವರೆಂಬ ನಿಷ್ಠೆಯನ್ನು ಬಿಡದವರಿಗೆ 'ನಿಮ್ಮಲ್ಲಿಯೂ ಒಬ್ಬಳು ಸರಸ್ವತಿ ಇದ್ದಾಳೆ' ಎಂಬ ಸೌಜನ್ಯದ ಮಾತು ಎಂತಹ ಭಾರವನ್ನು ಹೊರಿಸುತ್ತದೆ ಎಂಬುದನ್ನು ತೌಲನಿಕ ವಿದ್ವಾಂಸರು ಯೋಚಿಸಬೇಕು. ಮಹಾರಾಷ್ಟ್ರ ಸರ್ಕಾರ ಯೆಹೂದ್ಯರಿಗೆ ಅಲ್ಪಸಂಖ್ಯಾತ ಸ್ಥಾನಮಾನ ನೀಡಿದ್ದು 2016ರಲ್ಲಿ.

ಆಶ್ವಯುಜದ ಆಸುಪಾಸಿನಲ್ಲಿ ಈ ಎರಡು ಆಚರಣೆಗಳು ಹಲವು ವರ್ಷ ಹತ್ತಿರ ಹತ್ತಿರ ಬರುತ್ತವೆ. ನವರಾತ್ರಿಯ ಸರಸ್ವತೀಪೂಜೆಯಂದು ಕನ್ನಡ ಮನೆಗಳಲ್ಲಿ ಪುಸ್ತಕಗಳನ್ನು ಪೂಜೆಗಿಟ್ಟು, ಅವನ್ನು ತೆಗೆಯುವವರೆಗೆ ಓದು ನಿಲ್ಲಿಸುವ ರೂಢಿಯಿದೆ. ಯೆಹೂದ್ಯರ ಸಿಮ್ಹತ್ ತೋರಾ ಹಬ್ಬದಲ್ಲಿ ಗ್ರಂಥದ ಸುರುಳಿಗಳನ್ನು ಪೆಟ್ಟಿಗೆಯಿಂದ ಹೊರತಂದು, ಎತ್ತಿಕೊಂಡು ಪ್ರದಕ್ಷಿಣೆ ಮಾಡಿ, ಓದಿನ ಕೊನೆಯನ್ನು ಮುಗಿಸಿದೊಡನೆಯೇ ಮೊದಲಿನಿಂದ ಓದಲು ತೊಡಗುತ್ತಾರೆ. ಎರಡೂ ಗ್ರಂಥಗೌರವವೇ, ಒಂದೆಡೆ ಓದು ದೇವಿಯ ಮುಂದೆ ವಿಶ್ರಮಿಸುತ್ತದೆ, ಇನ್ನೊಂದೆಡೆ ನಿಲ್ಲದೆ ಸಾಗುತ್ತದೆ. ಜ್ಞಾನಸ್ತ್ರೀಯನ್ನು ಗ್ರಂಥವಾಗಿಸಿದ ಬೆನ್ ಸಿರಾನ ನಿರ್ಣಯದ ಪರಿಣಾಮವನ್ನು ಇಲ್ಲಿ ಕಾಣಬಹುದು.

ಅನುವಾದಕರಿಗೆ ಸಂಬಂಧಿಸಿದ ಒಂದು ಮಾತು ಉಳಿದಿದೆ. ಹೀಬ್ರೂವಿನಲ್ಲಿ ಜ್ಞಾನಕ್ಕೂ ಮೂಢತೆಗೂ ಸರ್ವನಾಮ ಒಂದೇ, ಕರೆಯ ಮಾತೂ ಒಂದೇ ಎಂದೆವು. ಕನ್ನಡದಲ್ಲಿ 'ಆಕೆ' ಮತ್ತು 'ಅವಳು' ಎಂಬ ಎರಡು ಮೆಟ್ಟಿಲುಗಳಿವೆ. ಜ್ಞಾನವನ್ನು 'ಆಕೆ' ಎಂದು, ಮೂಢತೆಯನ್ನು 'ಅವಳು' ಎಂದು ಬರೆದ ಕ್ಷಣವೇ ಓದುಗನಿಗೆ ತೀರ್ಪು ತಿಳಿದುಹೋಗುತ್ತದೆ. ಬೀದಿಯಲ್ಲಿ ನಿಂತ ಅರಿಯದವನ ಗೊಂದಲ ಅವನಿಗೆ ದಕ್ಕುವುದಿಲ್ಲ. ನಾವೂ ಈ ಲೇಖನದ ಮೊದಲಿನಿಂದ ಹಾಗೆಯೇ ಬರೆದುಕೊಂಡು ಬಂದಿದ್ದೇವೆ, ಕನ್ನಡದ ಮರ್ಯಾದೆ ಬೇರೆ ಬಗೆಯಲ್ಲಿ ಬರೆಯಗೊಡುವುದಿಲ್ಲ. ಇಬ್ಬರನ್ನೂ 'ಆಕೆ' ಎಂದೇ ಕರೆದು, ಆಯ್ಕೆಯನ್ನು ಓದುಗನಿಗೆ ಬಿಡುವ ಅನುವಾದವೊಂದು ಕನ್ನಡದಲ್ಲಿ ಬಂದರೆ, ಒಂಬತ್ತನೆಯ ಅಧ್ಯಾಯದ ಆ ಎರಡು ಬಾಗಿಲುಗಳು ಮೂಲದಲ್ಲಿರುವಷ್ಟೇ ಸಮೀಪದಲ್ಲಿ ತೆರೆದುಕೊಂಡಾವು.